ಹತ್ತು ಯಂತ್ರ, ಒಬ್ಬ ಕೆಲಸಗಾರ

ಬ್ರಿಟನ್ನಿನ ಹತ್ತಿ ಗಿರಣಿಗಳಲ್ಲಿ ಒಬ್ಬನೇ ಕೆಲಸಗಾರ ಸಾಲು ಯಂತ್ರಗಳನ್ನು ಸುತ್ತುತ್ತ, ನಿಂತುಹೋದದ್ದನ್ನು ಸರಿಪಡಿಸುತ್ತಿದ್ದ. ಆತ ಬರುವತನಕ ಯಂತ್ರ ಎಷ್ಟು ಹೊತ್ತು ಕಾಯಬೇಕು? 1957ರಲ್ಲಿ ಮ್ಯಾಕ್, ಮರ್ಫಿ, ವೆಬ್ ಎಂಬ ಮೂವರು ಇಂಥ ಪ್ರಶ್ನೆಯನ್ನು ಗಣಿತಕ್ಕೆ ಇಳಿಸಿದರು.

ಯಂತ್ರಗಳು 10, ಒಂದರಿಂದ ಇನ್ನೊಂದಕ್ಕೆ 1 ನಿಮಿಷದ ನಡಿಗೆ, ರಿಪೇರಿ ಅಪರೂಪ ಎಂದಿಟ್ಟುಕೊಳ್ಳಿ. ಸರದಿಯಂತೆ ಸುತ್ತಿದರೆ ಪ್ರತಿ ಯಂತ್ರಕ್ಕೂ 10 ನಿಮಿಷಕ್ಕೊಂದು ಭೇಟಿ; ಕೆಟ್ಟದ್ದು ಸರಾಸರಿ 5 ನಿಮಿಷ ಕಾಯುತ್ತದೆ. ಬದಲಿಗೆ ಆತ ನಿಮಿಷಕ್ಕೊಮ್ಮೆ ಚೀಟಿ ಎತ್ತಿ, ಬಂದ ಯಂತ್ರದತ್ತ ಹೋದರೆ? ಆಗಲೂ ಸರಾಸರಿ 10 ನಿಮಿಷಕ್ಕೊಂದು ಭೇಟಿಯೇ. ಕಾಯುವ ಹೊತ್ತು ಮಾತ್ರ ಒಂಬತ್ತೂವರೆ ನಿಮಿಷ!

ಕಾರಣ ಸರಳ. ಚೀಟಿಯಾಟದಲ್ಲಿ ಭೇಟಿಗಳ ನಡುವಿನ ಅಂತರ ಕೆಲವೊಮ್ಮೆ ಚಿಕ್ಕದು, ಕೆಲವೊಮ್ಮೆ ಬಹಳ ದೊಡ್ಡದು. ಯಂತ್ರ ಕೆಡುವ ಗಳಿಗೆ ದೊಡ್ಡ ಅಂತರದೊಳಗೆ ಬೀಳುವ ಸಂಭವವೇ ಹೆಚ್ಚು.

ಹಾಗಾದರೆ ಚೀಟಿ ಯಾರಿಗೆ ಬೇಕು? ಸರದಿ ಕೂಗುವ ಮೇಸ್ತ್ರಿ ಇಲ್ಲದ ಕಂಪ್ಯೂಟರ್ ಜಾಲಗಳಿಗೆ. ಅಂಥ ಚೀಟಿ ಭೇಟಿಯ ಲೆಕ್ಕವನ್ನು ಕ್ಲೈನ್‌ರಾಕ್ ಮತ್ತು ಲೆವಿ 1988ರಲ್ಲಿ ಪ್ರಕಟಿಸಿದರು. ಚೀಟಿ ಯಾರಿಗೂ ಪಕ್ಷಪಾತ ಮಾಡದು, ನಿಜ. ಆದರೆ ಸರದಿ ಇಡಲು ಸಾಧ್ಯವಿದ್ದಲ್ಲಿ ಚೀಟಿ ಎತ್ತಿದರೆ ಅದರ ಬೆಲೆ ತೆರುವವನು ಕಾಯುವವನೇ.