ಪೈಪು ಒಡೆದಿಲ್ಲ, ನಾವೇ ಕಟ್ಟಿಹಾಕಿ ಕಿತ್ತಿದ್ದು

ಬೇಸಿಗೆ ಬಂತು ಅಂದ್ರೆ ನಮ್ಮ ಕಡೆ ಒಂದೇ ಮಾತು, "ಡೂಪ್ಲಿಕೇಟ್ ಪೈಪು ಕೊಟ್ಟವ್ನೆ ಕಣಣ್ಣ." ಬಂಡೆ ಮೇಲೆ ಹಾದ ಪಿವಿಸಿ ಲೈನು ಜಾಯಿಂಟಲ್ಲಿ ಬಿಟ್ಕೊಂಡ್ರೆ ನಾವು ಅಂಗಡಿಯವರನ್ನ ಬಯ್ಯೋದು, ಅಂಗಡಿಯವರು ಮೇಸ್ತ್ರಿ ಮೇಲೆ ಹಾಕೋದು, ಮೇಸ್ತ್ರಿ ಬಿಸಿಲಿನ ಮೇಲೆ ಹಾಕೋದು. ಬಿಸಿಲಿನ ಮಾತು ಅರ್ಧ ನಿಜ. ಉಳಿದರ್ಧ ಯಾರೂ ಹೇಳಲ್ಲ, ಅದಕ್ಕೇ ಬರೀತಿದ್ದೀನಿ.

ನನ್ನ ಬೋರು ಕೆಳಗಿನ ಹೊಲದಲ್ಲಿ, ಬಾಳೆ ಮೇಲಿನ ಹೊಲದಲ್ಲಿ. ಒಟ್ಟು 1,200 ಅಡಿ ಲೈನು, 63 ಎಂಎಂ ಪೈಪು. 800 ಅಡಿ ಮಣ್ಣಲ್ಲಿ ಹೂತಿದೆ, ಅದರ ತಂಟೆಯೇ ಇಲ್ಲ. ನಡುವೆ 400 ಅಡಿ ಬರೀ ಬಂಡೆ, ಗುದ್ದಲಿ ಇಳಿಯಲ್ಲ. ಅಲ್ಲಿ ಮೇಸ್ತ್ರಿ ದಾರ ಹಿಡಿದ ಹಾಗೆ ನೆಟ್ಟಗೆ ಪೈಪು ಎಳೆದು, 10 ಅಡಿಗೊಂದು ಸಿಮೆಂಟ್ ದಿಮ್ಮಿ ಕಟ್ಟಿ, ಕ್ಲಾಂಪ್ ಬಿಗಿದುಕೊಟ್ಟ. ನೋಡೋಕೆ ಬಲು ಚೆಂದ. ಮೊದಲ ಬೇಸಿಗೆಯಲ್ಲೇ ನಾಲ್ಕು ಸಲ ಬಿಟ್ಕೊಂತು. ಒಂದು ಸಲ ನೀರೆಲ್ಲ ಪಕ್ಕದವರ ಟೊಮೆಟೊ ಸಾಲಿಗೆ ನುಗ್ಗಿ, ಎರಡು ತಿಂಗಳು ಅವರಿಗೂ ನಮಗೂ ಮಾತಿರಲಿಲ್ಲ. ಈ ಕಡೆ ಎಳೇ ಬಾಳೆ ಸುಳಿ ಒಣಗ್ತಾ ಇತ್ತು.

ನಾಲ್ಕನೇ ಸಲ ಕೂತು ನೋಡಿದೆ. ಪೈಪು ಕೆಟ್ಟದ್ದಾದ್ರೆ ಉದ್ದಕ್ಕೆ ಸೀಳಬೇಕು. ಇಲ್ಲಿ ಎಲ್ಲೂ ಸೀಳಿಲ್ಲ. ಸಲ್ಯೂಷನ್ ಕಮ್ಮಿ ಬಿದ್ದ ಕಡೆ ಕಾಲರಿಂದ ಪೈಪು ಈಚೆಗೆ ಜಗ್ಗಿಕೊಂಡು ಬಂದಿತ್ತು, ಯಾರೋ ಎತ್ತು ಕಟ್ಟಿ ಎಳೆದ ಹಾಗೆ. ನಾಲ್ಕರಲ್ಲಿ ಮೂರು ಸಲ ಆಗಿದ್ದು ಮಧ್ಯಾಹ್ನ ತ್ರೀ ಫೇಸ್ ಬಂದ ಹತ್ತೇ ನಿಮಿಷದಲ್ಲಿ.

ಲೆಕ್ಕ ಕಷ್ಟದ್ದೇನಲ್ಲ, ಎಸ್‌ಎಸ್‌ಎಲ್‌ಸಿ ಗಣಿತ ಸಾಕು. ಪಿವಿಸಿ ಪೈಪು ಒಂದು ಡಿಗ್ರಿ ಕಾದರೆ ಮೀಟರಿಗೆ ಸುಮಾರು 0.07 ಮಿಲಿಮೀಟರ್ ಬೆಳೆಯುತ್ತೆ. ಖಾಲಿ ಪೈಪು ಮಾರ್ಚ್ ಬಿಸಿಲಲ್ಲಿ ಬಿದ್ದಿದ್ರೆ 55 ಡಿಗ್ರಿ ಮುಟ್ಟುತ್ತೆ, ಕೈ ಇಡೋಕಾಗಲ್ಲ. ಬೋರಿನ ನೀರು 27ರ ಆಸುಪಾಸು. ಮೋಟರ್ ಆನ್ ಆದ ಕೂಡಲೇ 28 ಡಿಗ್ರಿ ಇಳಿತ. 400 ಅಡಿ ಅಂದ್ರೆ 120 ಮೀಟರ್. ಗುಣಿಸಿ: 235 ಮಿಲಿಮೀಟರ್. ಒಂದು ಗೇಣು! ಕೆಲವೇ ನಿಮಿಷದಲ್ಲಿ ಲೈನು ಒಂದು ಗೇಣು ಕುಗ್ಗೋಕೆ ನೋಡುತ್ತೆ, ನಾವು ಕ್ಲಾಂಪ್ ಹಾಕಿ ಬಿಡಲ್ಲ ಅಂತೀವಿ. ಆಗ ಪೈಪಿನೊಳಗೆ ಎರಡು ಕ್ವಿಂಟಲಿಗೂ ಮೇಲೆ ಎಳೆತ. ದಿನಾ ಹೀಗೇ ಜಗ್ಗಿದ್ರೆ ಬಲ ಇಲ್ಲದ ಜಾಯಿಂಟು ಎಷ್ಟು ದಿನ ತಡೆದೀತು?

ಕಬ್ಬಿಣದ ಪೈಪು ಇದರ ಆರನೇ ಒಂದು ಪಾಲು ಬೆಳೆಯುತ್ತೆ ಅಷ್ಟೇ. ಆದರೂ ಸಕ್ಕರೆ ಫ್ಯಾಕ್ಟರಿಯವರು ಅದನ್ನೂ ನಂಬಲ್ಲ. ಕಬ್ಬು ತುಂಬಿದ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ರಾತ್ರಿಯೆಲ್ಲ ಕ್ಯೂನಲ್ಲಿ ಕಾದವರು ತಲೆ ಎತ್ತಿ ನೋಡಿರ್ತೀರಿ, ಉಗಿ ಪೈಪು ಸೀದಾ ಹೋಗ್ತಾ ಹೋಗ್ತಾ ಬಾಗಿಲ ಚೌಕಟ್ಟಿನ ಹಾಗೆ ಒಂದು ಸುತ್ತು ಹಾಕಿ ಮತ್ತೆ ಸೀದಾ ಹೋಗುತ್ತೆ. ನಾನೂ ಅದು ದಾರಿ ಬಿಡೋಕೆ ಅಂತಲೇ ಅಂದ್ಕೊಂಡಿದ್ದೆ. ಅದು ಎಕ್ಸ್‌ಪಾನ್ಷನ್ ಲೂಪು. ಪೈಪು ಬೆಳೆದ್ರೆ ಆ ಚೌಕಟ್ಟಿನ ಕಾಲು ಒಳಕ್ಕೆ ಬಾಗುತ್ತೆ, ಕುಗ್ಗಿದ್ರೆ ಹೊರಕ್ಕೆ. ಜಾಯಿಂಟಿನ ಮೇಲೆ ಜಗ್ಗಾಟ ಬೀಳಲ್ಲ.

ನಾನು 400 ಅಡಿನ ನಾಲ್ಕು ಪಾಲು ಮಾಡ್ದೆ. ಪ್ರತಿ 100 ಅಡಿಯ ನಟ್ಟನಡುವೆ ಒಂದು ಲೂಪು: ಕಾಲು ಎರಡೆರಡು ಅಡಿ, ತಲೆ ಒಂದು ಅಡಿ. ಪಾಲಿನ ಎರಡು ತುದಿಯಲ್ಲಿ ಮಾತ್ರ ಗಟ್ಟಿ ಕ್ಲಾಂಪ್. ನಡುವಿನವನ್ನೆಲ್ಲ ಬಿಚ್ಚಿ, ಹಳೇ ಟೈರ್ ತುಂಡಿನ ಮೇಲೆ ಪೈಪು ಜಾರೋ ಹಾಗೆ ಕೂರಿಸಿದೆ. ಲೂಪು ನೆಲಕ್ಕೆ ಮಲಗಿರಬೇಕು, ಇದು ಮುಖ್ಯ. ಎಬ್ಬಿಸಿ ನಿಲ್ಲಿಸಿದ್ರೆ ತಲೆಯಲ್ಲಿ ಗಾಳಿ ಕಟ್ಟುತ್ತೆ, ತಗ್ಗಿಗೆ ಇಳಿಸಿದ್ರೆ ಹೂಳು ಕೂರುತ್ತೆ. ದಪ್ಪ ಪೈಪಿಗೆ ಕಾಲು ಇನ್ನೂ ಉದ್ದ ಬೇಕು, ನನ್ನ ಅಳತೆನೇ ಹೊಡೀಬೇಡಿ. ಸಲ್ಯೂಷನ್ ಹಾಕೋ ಕೆಲಸ ಬೆಳಗ್ಗೆ ತಂಪಲ್ಲಿ. ಮಧ್ಯಾಹ್ನ ಹಿಗ್ಗಿದ ಪೈಪಿಗೆ ಜಾಯಿಂಟ್ ಮಾಡಿದ್ರೆ ಆವತ್ತು ರಾತ್ರಿಯಿಂದಲೇ ಜಗ್ಗಾಟ ಶುರು.

"ಅಷ್ಟು ಎಲ್ಬೋ ಹಾಕಿದ್ರೆ ನೀರಿನ ಫೋರ್ಸ್ ಹೋಗಲ್ವೇನಣ್ಣ?" ಅಂತ ಕೇಳೋರಿದ್ದಾರೆ. ಹೋಗುತ್ತೆ, ಸುಳ್ಳು ಹೇಳಲ್ಲ. 16 ಎಲ್ಬೋ ಸೇರಿದ್ರೆ ಸುಮಾರು 100 ಅಡಿ ಪೈಪು ಜಾಸ್ತಿ ಹಾಕಿದಷ್ಟು ತಡೆ. 1,200 ಅಡಿ ಲೈನಿಗೆ ಅದು ಹನ್ನೆರಡರಲ್ಲೊಂದು. ಆದ್ದರಿಂದಲೇ ಮಣ್ಣಿದ್ದ ಕಡೆ ಲೂಪಿನ ಉಸಾಬರಿ ಬೇಡ, ಹೂತುಬಿಡಿ. ಒಳಗೆ ಹಗಲು ರಾತ್ರಿ ಅಷ್ಟು ಏರಿಳಿತ ಇರಲ್ಲ. ಬಂಡೆ ಮೇಲೆ ಮಾತ್ರ ಬೇರೆ ದಾರಿಯಿಲ್ಲ. ಅಲ್ಲೂ ಸೋಗೆ ಮುಚ್ಚಿ, ಇಲ್ಲಾ ಬಿಳೀ ಬಣ್ಣ ಹೊಡೀರಿ. ಕಾವೂ ಕಮ್ಮಿ, ಬಿಸಿಲಿಗೆ ಪೈಪು ಪೆಡಸಾಗೋದೂ ಕಮ್ಮಿ.

ನನ್ನ ಸಿಟ್ಟು ಇರೋದು ಎಸ್ಟಿಮೇಟ್ ಮೇಲೆ. ಮೇಸ್ತ್ರಿ ಕೊಟ್ಟ ಚೀಟಿಯಲ್ಲಿ ಪೈಪಿತ್ತು, ಕಾಲರಿತ್ತು, ಕ್ಲಾಂಪ್ ಇತ್ತು, ಸಿಮೆಂಟಿತ್ತು, ಕೂಲಿ ಇತ್ತು. ಲೂಪು ಅನ್ನೋ ಸಾಲೇ ಇರಲಿಲ್ಲ. ನಾಲ್ಕು ಲೂಪಿಗೆ ಹೆಚ್ಚಿಗೆ ಬಿದ್ದಿದ್ದು 16 ಎಲ್ಬೋ, 16 ಅಡಿ ಪೈಪು. 20 ಅಡಿಯ ಒಂದು ಲೆಂತ್ ಕೂಡ ಪೂರ್ತಿ ಮುಗೀಲಿಲ್ಲ. ನಾಲ್ಕು ಸಲ ರಿಪೇರಿಗೆ ಅಂತ ಅದೇ ಮೇಸ್ತ್ರಿ ತಗೊಂಡಿದ್ದು ಇದಕ್ಕಿಂತ ಜಾಸ್ತಿ. ನೆಟ್ಟಗಿದ್ರೆ ನೀಟಾದ ಕೆಲಸ ಅಂತ ತಲೆಯಾಡಿಸಿ ದುಡ್ಡು ಎಣಿಸಿಕೊಟ್ಟವನು ನಾನೇ, ಅದನ್ನೂ ಒಪ್ಪಿಕೊಳ್ತೀನಿ. ಇನ್ಮೇಲೆ ಬಂಡೆ ಮೇಲೆ ಲೈನು ಹಾಕೋ ಮೇಸ್ತ್ರಿನ ಮೊದಲೇ ಕೇಳಿ, "ಇದು ಎಲ್ಲಿ ಬಾಗುತ್ತೆ?" ಬಾಯಿ ಬಿಡದಿದ್ರೆ ಅಡ್ವಾನ್ಸ್ ಕೊಡಬೇಡಿ.

ನಂಬಿಕೆ ಬರಲಿಲ್ಲ ಅಂದ್ರೆ ನಮ್ಮ ಹೊಲಕ್ಕೆ ಬನ್ನಿ. ಎರಡನೇ ಲೂಪಿನ ಹತ್ತಿರ ಬಂಡೆ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದೀನಿ. ಕರೆಂಟು ಬರೋಕೆ ಮುಂಚೆ ಒಂದು ಸಲ ಅಳೀರಿ, ಬಂದು ಕಾಲು ಗಂಟೆ ಆದ್ಮೇಲೆ ಇನ್ನೊಂದು ಸಲ. ಟೇಪು ನಾನೇ ಕೊಡ್ತೀನಿ.