ಲಾಭಾಂಶ: ಘೋಷಣೆ ಎಷ್ಟು, ಕೈಗೆ ಎಷ್ಟು?

ಹೈದರಾಬಾದಿನ ಕನ್ನಡಿಗರ ಮನೆಗಳಲ್ಲಿ ಕೆನರಾ ಬ್ಯಾಂಕ್, ಇನ್ಫೋಸಿಸ್ ಷೇರುಗಳು ಹೊಸತೇನಲ್ಲ. ಒಂದೇ ಕಂಪನಿಯ ಷೇರು ನಿವೃತ್ತ ತಂದೆಯ ಬಳಿಯೂ ಗಚ್ಚಿಬೌಲಿಯಲ್ಲಿ ದುಡಿಯುವ ಮಗನ ಬಳಿಯೂ ಇರಬಹುದು. ಘೋಷಣೆಯಾಗುವ ಲಾಭಾಂಶ ಇಬ್ಬರಿಗೂ ಒಂದೇ. ಕೈಯಲ್ಲಿ ಉಳಿಯುವುದು ಮಾತ್ರ ಬೇರೆ ಬೇರೆ.

1997ರಲ್ಲಿ ಜಾರಿಗೆ ಬಂದ ಲಾಭಾಂಶ ವಿತರಣಾ ತೆರಿಗೆಯನ್ನು, ನಡುವೆ ಒಂದು ವರ್ಷ ಬಿಟ್ಟರೆ, 2020ರ ಮಾರ್ಚ್‌ವರೆಗೆ ಕಂಪನಿಗಳೇ ಕಟ್ಟುತ್ತಿದ್ದವು. 2020ರ ಏಪ್ರಿಲ್ 1ರಿಂದ ಲಾಭಾಂಶವು ಷೇರುದಾರರ ಆದಾಯಕ್ಕೆ ಸೇರಿ, ಅವರವರ ಹಂತದ ದರದಲ್ಲಿ ತೆರಿಗೆಗೆ ಒಳಪಟ್ಟಿತು.

ಇದರ ಪರಿಣಾಮ ನೋಡಿ. ನೂರು ರೂಪಾಯಿಯ ಷೇರಿನಿಂದ ತೆರಿಗೆ ಕಳೆದು ಏಳು ರೂಪಾಯಿ ಉಳಿಯಬೇಕು ಎಂದಿಟ್ಟುಕೊಳ್ಳೋಣ. ಶೇ. 30ರ ಹಂತದಲ್ಲಿರುವ ಮಗನಿಗೆ, ಸೆಸ್ ಬಿಟ್ಟು, ಹತ್ತು ರೂಪಾಯಿ ಲಾಭಾಂಶ ಬೇಕು. ಅದೇ ಗಳಿಕೆ ಷೇರಿನ ಬೆಲೆ ಏರಿಕೆಯಿಂದ ಬಂದು, ವರ್ಷ ಕಳೆದ ಮೇಲೆ ಮಾರಿದರೆ, 2024ರ ಜುಲೈನಲ್ಲಿ ನಿಗದಿಯಾದ ಶೇ. 12.5ರ ದರದಲ್ಲಿ ಎಂಟು ರೂಪಾಯಿ ಸಾಕು. ಅಂದರೆ ಹೆಚ್ಚು ಲಾಭಾಂಶ ಕೊಡುವ ಷೇರಿನಿಂದ ಅವನು ಹೆಚ್ಚಿನ ಪ್ರತಿಫಲ ಬಯಸುತ್ತಾನೆ. ಇಲ್ಲವೇ ಕಡಿಮೆ ಬೆಲೆಗೆ ಸಿಕ್ಕರೆ ಮಾತ್ರ ಕೊಳ್ಳುತ್ತಾನೆ.

ಇಡೀ ಮಾರುಕಟ್ಟೆಯೂ ಹೀಗೆಯೇ ನಡೆಯುತ್ತದೆಂದು 1970ರಲ್ಲಿ ಅರ್ಥಶಾಸ್ತ್ರಜ್ಞ ಮೈಕೆಲ್ ಬ್ರೆನ್ನನ್ ವಾದಿಸಿದರು. 1974ರಲ್ಲಿ ಬ್ಲ್ಯಾಕ್ ಮತ್ತು ಶೋಲ್ಸ್ ಅಮೆರಿಕದ ಷೇರುಗಳನ್ನು ಪರೀಕ್ಷಿಸಿದಾಗ ಅಂಥ ಪರಿಣಾಮ ಸ್ಪಷ್ಟವಾಗಿ ಕಾಣಲಿಲ್ಲ. ತೆರಿಗೆಯ ಹೊರೆಯಿಲ್ಲದೆ ಲಾಭಾಂಶವನ್ನೇ ಬಯಸುವವರೂ ಮಾರುಕಟ್ಟೆಯಲ್ಲಿರುತ್ತಾರಲ್ಲ!

ನಮ್ಮ ಹಿರಿಯರಲ್ಲಿ ಅನೇಕರು ಇಂಥವರೇ. 2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷ ರೂ.ವರೆಗಿನ ಸಾಮಾನ್ಯ ಆದಾಯಕ್ಕೆ ರಿಯಾಯಿತಿ ಇರುವುದರಿಂದ, ಆ ಮಿತಿಯೊಳಗಿನವರಿಗೆ ಏಳು ರೂಪಾಯಿ ಲಾಭಾಂಶ ಏಳಾಗಿಯೇ ಉಳಿಯುತ್ತದೆ. ಆದರೆ ಒಂದೇ ಕಂಪನಿಯಿಂದ ವರ್ಷಕ್ಕೆ 10,000 ರೂ. ಮೀರಿ ಲಾಭಾಂಶ ಬಂದರೆ ಶೇ. 10ರಷ್ಟು ಮೊದಲೇ ಕಡಿತವಾಗಬಹುದು. ತೆರಿಗೆಯೇ ಇಲ್ಲವೆಂದು ರಿಟರ್ನ್ ಸಲ್ಲಿಸದೆ ಕುಳಿತರೆ ಆ ಹಣ ಮರಳಿ ಬರುವುದಿಲ್ಲ.

ಆದ್ದರಿಂದ ತಂದೆಗೆ ಒಪ್ಪುವ ಷೇರು ಮಗನಿಗೂ ಒಪ್ಪಬೇಕೆಂದಿಲ್ಲ. ರಾಜ್ಯೋತ್ಸವ, ಯುಗಾದಿಗಳನ್ನು ಅಚ್ಚುಕಟ್ಟಾಗಿ ನಡೆಸುವ ನಮ್ಮ ಸಂಘಗಳು, ರಿಟರ್ನ್ ಸಲ್ಲಿಸುವ ಕಾಲಕ್ಕೆ ಮುನ್ನ ಒಂದು ಭಾನುವಾರವನ್ನು ಇದಕ್ಕೂ ಮೀಸಲಿಡಲಿ. ಲೆಕ್ಕಪರಿಶೋಧಕರಾಗಿರುವ ಸದಸ್ಯರು ಹಿರಿಯರಿಗೆ ಕನ್ನಡದಲ್ಲಿ ಬಿಡಿಸಿ ಹೇಳಿದರೆ ಅದೂ ದೊಡ್ಡ ಸೇವೆಯೇ.