ಇರುವೆ ಕಚ್ಚಿದಂಗೆ ಅಷ್ಟೇ

ಸೂಜಿ ಚುಚ್ಚುವ ಮೊದಲು ಎಲ್ಲ ಆಸ್ಪತ್ರೆಗಳಲ್ಲೂ ಹೇಳುವ ಮಾತು ಒಂದೇ. "ಏನಿಲ್ಲ ಪುಟ್ಟ, ಇರುವೆ ಕಚ್ಚಿದಂಗೆ ಅಷ್ಟೇ." ನೀವೂ ಕೇಳಿರ್ತೀರಿ. ಮೊದಲನೇ ಸಲ ನಂಬಿರ್ತೀರಿ ಕೂಡ. ಎರಡನೇ ಸಲದಿಂದ ಅದು ಸುಳ್ಳು ಅಂತ ಮಗುವಿಗೆ ಗೊತ್ತು, ಹೇಳುವವರಿಗೂ ಗೊತ್ತು, ಕೈ ಹಿಡ್ಕೊಂಡು ಪಕ್ಕದಲ್ಲಿ ನಿಂತ ಅಮ್ಮನಿಗೂ ಗೊತ್ತು. ಆದರೂ ಆ ಮಾತು ತಲೆಮಾರುಗಳಿಂದ ನಡೆದುಕೊಂಡು ಬಂದಿದೆ.

ಆ ಸುಳ್ಳನ್ನು ಹೆಚ್ಚುಕಮ್ಮಿ ನಿಜ ಮಾಡುವ ಒಂದು ಕ್ರೀಮು ಸುಮಾರು 40 ವರ್ಷದಿಂದ ಇದೆ. ನಮ್ಮ ತಾಲ್ಲೂಕು ಕೇಂದ್ರದ ಮೆಡಿಕಲ್ ಶಾಪಲ್ಲೂ ಸಿಗುತ್ತೆ. ಒಂದು ಸಣ್ಣ ಟ್ಯೂಬಿಗೆ ಇಬ್ಬರು ಹೋಟೆಲಲ್ಲಿ ಮಸಾಲೆ ದೋಸೆ ತಿಂದು ಕಾಫಿ ಕುಡಿಯುವಷ್ಟು ದುಡ್ಡು ಆಗಬಹುದು. ಹಾಗಿದ್ದೂ ನಮ್ಮ ಮನೆಗೆ ಅದರ ಸುದ್ದಿ ತಲುಪೋಕೆ ಒಂಬತ್ತು ವರ್ಷ ಬೇಕಾಯ್ತು. ಈ ಲೇಖನ ಬರೀತಿರೋದು ಆ ಒಂಬತ್ತು ವರ್ಷದ ಸಿಟ್ಟಿಗೆ.

ನನ್ನ ತಮ್ಮನಿಗೆ ಥಲಸ್ಸೀಮಿಯಾ. ಅವನ ದೇಹ ಸರಿಯಾದ ಹಿಮೋಗ್ಲೋಬಿನ್ ಮಾಡಲ್ಲ, ಹಾಗಾಗಿ ಒಂದು ವರ್ಷದ ಕೂಸಾಗಿದ್ದಾಗಿಂದ ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಬೇಕು. ನಮಗೆ ಲೆಕ್ಕ ಹೇಳಿಕೊಡಬೇಕಾಗಿಲ್ಲ ತಾನೇ? ವರ್ಷಕ್ಕೆ 17 ಸಲ. ಪ್ರತಿ ಸಲವೂ ಕ್ರಾಸ್‌ಮ್ಯಾಚ್ ಮಾಡೋಕೆ ಸ್ಯಾಂಪಲ್‌ಗೆ ಒಂದು ಚುಚ್ಚು, ಆಮೇಲೆ ಡ್ರಿಪ್ಪಿನ ಸೂಜಿಗೆ ಇನ್ನೊಂದು. ಅದೂ ಮೊದಲ ಪ್ರಯತ್ನಕ್ಕೇ ಸಿಕ್ಕರೆ. "ನರ ಸಿಗ್ತಿಲ್ಲಮ್ಮ, ಆ ಕೈ ಕೊಡಿ" ಅಂದರೆ ಮೂರು, ನಾಲ್ಕು. ಅವನಿಗೀಗ ಹನ್ನೊಂದು ವರ್ಷ. ನಾವು ಇಂಟರ್ನಲ್ಸ್‌ಗೆ ಹೆದರುವ ಹಾಗೆ ಅವನು ಕ್ಯಾಲೆಂಡರ್‌ಗೆ ಹೆದರ್ತಿದ್ದ. ಹಿಂದಿನ ರಾತ್ರಿ ಊಟ ಬಿಡೋನು. ಆಸ್ಪತ್ರೆಯ ತಿರುವಿನಲ್ಲಿ ಬಸ್ಸು ಸ್ಲೋ ಆದ ಕೂಡಲೇ ಅಮ್ಮನ ಸೆರಗಿನೊಳಗೆ ಎರಡೂ ಕೈ ಬಚ್ಚಿಡೋನು.

ಎರಡು ವರ್ಷದ ಹಿಂದೆ ವಾರ್ಡಿಗೆ ಹೊಸದಾಗಿ ಬಂದ ಒಬ್ಬರು ಡ್ಯೂಟಿ ಡಾಕ್ಟರು ಇವನ ರಂಪ ನೋಡಿ ಕೇಳಿದರು, "ಯಾಕಮ್ಮ, ನಂಬಿಂಗ್ ಕ್ರೀಮ್ ಹಚ್ಚಿಕೊಂಡು ಬರಲ್ವಾ?" ಅಮ್ಮ ನನ್ನ ಮುಖ ನೋಡಿದರು, ನಾನು ಸಿಸ್ಟರ್ ಮುಖ ನೋಡಿದೆ. ಸಿಸ್ಟರ್ ಸಹಜವಾಗಿಯೇ ಹೇಳಿದರು, "ಅದಕ್ಕೆ ಒಂದು ಗಂಟೆ ಕಾಯಬೇಕು ಸರ್, ಇಲ್ಲಿ ಯಾರಿಗೆ ಟೈಮಿದೆ?"

ಈ ಒಂದು ಗಂಟೆಯ ವಿಷಯಕ್ಕೆ ಆಮೇಲೆ ಬರ್ತೀನಿ. ಮೊದಲು ಕ್ರೀಮು.

ಅದರಲ್ಲಿರೋದು ಎರಡು ಔಷಧ, ಲಿಗ್ನೋಕೇನ್ 2.5% ಮತ್ತು ಪ್ರೈಲೋಕೇನ್ 2.5%. (ಲಿಗ್ನೋಕೇನನ್ನೇ ಅಮೆರಿಕದವರು ಲಿಡೋಕೇನ್ ಅಂತಾರೆ, ಗೂಗಲ್ ಮಾಡುವಾಗ ಗೊಂದಲ ಬೇಡ.) ಎರಡೂ ಬಿಡಿಬಿಡಿಯಾಗಿ ರೂಮ್ ಟೆಂಪರೇಚರ್‌ನಲ್ಲಿ ಪುಡಿಯಂಥ ಹರಳು. ಲಿಗ್ನೋಕೇನ್ ಕರಗೋದು ಸುಮಾರು 68 ಡಿಗ್ರಿಗೆ, ಪ್ರೈಲೋಕೇನ್ ಸುಮಾರು 38ಕ್ಕೆ. ಆದರೆ ಎರಡನ್ನೂ ಸಮಸಮ ಬೆರೆಸಿದರೆ ಮಿಶ್ರಣ ಸುಮಾರು 18 ಡಿಗ್ರಿಯಲ್ಲೇ ಕರಗಿ ಎಣ್ಣೆಯಾಗಿಬಿಡುತ್ತೆ. ಎಲ್ಲೋ ಓದಿದ ಹಾಗಿದೆ ಅನ್ನಿಸ್ತಾ? ಹೌದು, ಯುಟೆಕ್ಟಿಕ್! ಸೆಕೆಂಡ್ ಇಯರ್ ಮೆಟೀರಿಯಲ್ ಸೈನ್ಸಲ್ಲಿ ಫೇಸ್ ಡಯಾಗ್ರಾಮ್ ಬರೆದು ಬರೆದು ನಾವು ಬೈದುಕೊಂಡ ಅದೇ ಯುಟೆಕ್ಟಿಕ್. ತವರ ಕರಗೋದು 232ಕ್ಕೆ, ಸೀಸ 327ಕ್ಕೆ, 63-37ರ ಸೋಲ್ಡರ್ ಮಾತ್ರ 183ಕ್ಕೇ ಕರಗುತ್ತಲ್ಲ, ಅದೇ ತತ್ವ. ನಾನು ಆ ಸಬ್ಜೆಕ್ಟಲ್ಲಿ ಪಾಸಾಗಿದ್ದು ಕಷ್ಟದಲ್ಲಿ. ತಮ್ಮನ ಟ್ಯೂಬಿನ ಮೇಲೆ ಆ ಪದ ನೋಡಿದ ದಿನವೇ ನನಗದು ನಿಜವಾಗಿ ಅರ್ಥವಾಗಿದ್ದು.

ಎಣ್ಣೆಯಾದರೆ ಏನು ಲಾಭ? ನಮ್ಮ ಚರ್ಮದ ಮೇಲ್ಪದರ ಸತ್ತ ಕೋಶಗಳದ್ದು. ದಪ್ಪ 10-20 ಮೈಕ್ರೋಮೀಟರ್ ಅಷ್ಟೇ, ಆದರೆ ಇಟ್ಟಿಗೆ ಗೋಡೆ ಇದ್ದಂತೆ, ಇಟ್ಟಿಗೆಗಳ ನಡುವೆ ಕೊಬ್ಬಿನ ಗಾರೆ. ನೀರಿನಲ್ಲಿ ಕರಗುವ ವಸ್ತುವನ್ನು ಅದು ಒಳಗೆ ಬಿಡೋದು ತೀರಾ ಕಮ್ಮಿ. ಬಾಯಿಹುಣ್ಣಿಗೆ ಹಚ್ಚುವ ಜೆಲ್ ನಾಲಿಗೆ ಮೇಲೆ ತಕ್ಷಣ ಕೆಲಸ ಮಾಡುತ್ತೆ, ಅದನ್ನೇ ಅಂಗೈ ಹಿಂಭಾಗಕ್ಕೆ ಸವರಿದರೆ ಅಷ್ಟೇನೂ ಆಗಲ್ಲ. ಯಾಕಂದ್ರೆ ಬಾಯೊಳಗೆ ಆ ಗೋಡೆ ಇಲ್ಲ. ಯುಟೆಕ್ಟಿಕ್ ಎಣ್ಣೆಯ ಹನಿಗಳಲ್ಲಿ ಔಷಧ ಬಹಳ ಗಟ್ಟಿಯಾಗಿ ತುಂಬಿರುತ್ತೆ, ಗಾರೆಯ ಕೊಬ್ಬಿನಲ್ಲಿ ಕರಗುತ್ತಾ ಮೆಲ್ಲಗೆ ಇಳಿಯುತ್ತೆ. ಒಂದು ಗಂಟೆಗೆ ಸುಮಾರು 3 ಮಿಲಿಮೀಟರ್ ಆಳ, ಎರಡು ಗಂಟೆಗೆ 5ರ ಹತ್ತಿರ ಮರಗಟ್ಟುತ್ತೆ. ಫಿಕ್ ಸಾಹೇಬರ ಡಿಫ್ಯೂಷನ್ ನಿಯಮ, ಅವಸರ ಮಾಡಿದರೆ ಕೇಳಲ್ಲ.

ಒಳಗೆ ಇಳಿದ ಮೇಲೆ ಕೆಲಸ ಸರಳ. ನೋವಿನ ಸುದ್ದಿ ನರದಲ್ಲಿ ಓಡೋದು ಸೋಡಿಯಂ ಅಯಾನುಗಳು ಒಳಗೆ ನುಗ್ಗೋದರಿಂದ. ಆ ನುಗ್ಗುವ ಬಾಗಿಲಿಗೆ ಈ ಔಷಧ ಒಳಗಿನಿಂದ ಚಿಲಕ ಹಾಕುತ್ತೆ. ಸಿಗ್ನಲ್ ಅಲ್ಲೇ ಡ್ರಾಪ್. ನೋವನ್ನು ಒಯ್ಯುವ ಸಣ್ಣ ಎಳೆಗಳು ಸಾಮಾನ್ಯವಾಗಿ ಮೊದಲು ಮಲಗುತ್ತವೆ, ಹಾಗಾಗಿ ಯಾರೋ ಒತ್ತಿದ್ದು ಗೊತ್ತಾಗುತ್ತೆ, ಚುಚ್ಚಿದ್ದು ಗೊತ್ತಾಗಲ್ಲ. ಕನ್ನಡ ಸಂಘದವನಾಗಿ ಇಲ್ಲೊಂದು ತರಲೆ: ನಾವು ರಕ್ತನಾಳಕ್ಕೂ ನರ ಅಂತೀವಿ, ನರ್ವ್‌ಗೂ ನರ ಅಂತೀವಿ. ಸಿಸ್ಟರ್ ಹುಡುಕುವ ನರವೇ ಬೇರೆ, ಕ್ರೀಮು ಮಲಗಿಸುವ ನರವೇ ಬೇರೆ. ಇನ್ನು 'ಅರಿವಳಿಕೆ' ಅನ್ನೋ ಪದ ಚೆಂದವೇ, ಆದರೆ ಇಲ್ಲಿ ಅರಿವು ಅಳಿಯೋದೇ ಇಲ್ಲ. ಹುಡುಗ ಎಚ್ಚರವಾಗಿ ಕೂತು ಕಾರ್ಟೂನ್ ನೋಡ್ತಿರ್ತಾನೆ.

ಇದೇನೂ ನಿನ್ನೆ ಮೊನ್ನೆಯ ಉಪಾಯ ಅಲ್ಲ. 1884ರಲ್ಲಿ ವಿಯೆನ್ನಾದಲ್ಲಿ ಕಾರ್ಲ್ ಕೊಲ್ಲರ್ ಅನ್ನೋ 26ರ ವೈದ್ಯ ಕೊಕೇನಿನ ದ್ರಾವಣವನ್ನು ಮೊದಲು ಕಪ್ಪೆಯ ಕಣ್ಣಿಗೆ, ಆಮೇಲೆ ತನ್ನದೇ ಕಣ್ಣಿಗೆ ಹಾಕಿಕೊಂಡು ಗುಂಡುಪಿನ್ನಿಂದ ಮುಟ್ಟಿ ನೋಡಿದ. ಏನೂ ಗೊತ್ತಾಗಲಿಲ್ಲ! ಹೈಡೆಲ್‌ಬರ್ಗ್‌ನ ಸಮ್ಮೇಳನಕ್ಕೆ ಹೋಗೋಕೆ ಅವನ ಹತ್ತಿರ ದುಡ್ಡಿರಲಿಲ್ಲ, ಪೇಪರನ್ನು ಬೇರೆಯವರು ಓದಿದರು. (ಕಾನ್ಫರೆನ್ಸ್ ಫೀಸ್ ಕಟ್ಟಲಾಗದ ನಮ್ಮ ಸೀನಿಯರ್ಸ್ ಸಮಾಧಾನ ಮಾಡಿಕೊಳ್ಳಬಹುದು.) ಕೊಕೇನಿನ ಚಟದ ಅಪಾಯ ಬೇಗ ಗೊತ್ತಾಯ್ತು, ಬದಲಿ ಹುಡುಕಾಟ ಶುರುವಾಯ್ತು. 1943ರಲ್ಲಿ ಸ್ಟಾಕ್‌ಹೋಮಿನಲ್ಲಿ ನಿಲ್ಸ್ ಲೋಫ್ಗ್ರೆನ್ ಲಿಗ್ನೋಕೇನ್ ತಯಾರಿಸಿದ. ಜೊತೆಗಿದ್ದ ಬೆಂಗ್ಟ್ ಲುಂಡ್‌ಕ್ವಿಸ್ಟ್ ತನ್ನ ಮೈಮೇಲೇ ಟೆಸ್ಟ್ ಮಾಡಿಕೊಂಡ. ನಮ್ಮಜ್ಜಿಯಂತೂ ಇವರ್ಯಾರಿಗೂ ಕಾಯದೆ ಹಲ್ಲುನೋವಿಗೆ ಲವಂಗ ಕಚ್ಚಿಕೊಂಡು ಕೂರ್ತಿದ್ದರು. ಲವಂಗದ ಯೂಜಿನಾಲ್ ಕೂಡ ನರವನ್ನು ಮಂಕು ಮಾಡುವ ವಸ್ತುವೇ.

ಈಗ ಆ ಒಂದು ಗಂಟೆ.

ಆಸ್ಪತ್ರೆಗೆ ಟೈಮಿಲ್ಲ ಅನ್ನೋದು ನಿಜ, ನಾನು ಸಿಸ್ಟರ್‌ಗಳನ್ನು ಬೈತಿಲ್ಲ. ಒಬ್ಬರು ಇಡೀ ವಾರ್ಡ್ ನೋಡ್ತಿರ್ತಾರೆ. ಆದರೆ ನಮ್ಮ ಮನೆಯಿಂದ ಆಸ್ಪತ್ರೆಗೆ ಬಸ್ಸಲ್ಲಿ 50 ನಿಮಿಷ. ಅಲ್ಲಿ ಚೀಟಿ ಮಾಡಿಸೋಕೆ ಅರ್ಧ ಗಂಟೆ. ಸ್ಯಾಂಪಲ್ ಕೊಟ್ಟ ಮೇಲೆ ರಕ್ತದ ಬ್ಯಾಗು ಬರೋಕೆ ಇನ್ನೂ ಹೊತ್ತು. ಒಂಬತ್ತು ವರ್ಷ ನಾವು ಕಾದಿದ್ದೇ ಕಾದಿದ್ದು, ಕ್ರೀಮು ಹಚ್ಚಿಕೊಳ್ಳದೆ ಕಾದೆವು ಅಷ್ಟೇ! ಆಪರೇಷನ್ಸ್ ರಿಸರ್ಚ್ ಓದಿದವರಿಗೆ ಇದು ಕಾಣಿಸಬೇಕು: ಎರಡು ಕೆಲಸ ಪ್ಯಾರಲಲ್ ಆಗಿ ನಡೆಯಬಹುದಾದಲ್ಲಿ ನಾವು ಸೀರೀಸ್ ಅಂದುಕೊಂಡು ಕೂತಿದ್ದೆವು. ಈಗ ಅಮ್ಮ ಮನೆಯಲ್ಲೇ, ಸಿಸ್ಟರ್ ತೋರಿಸಿಕೊಟ್ಟ ಎರಡು ಮೂರು ಜಾಗಕ್ಕೆ, ಡಾಕ್ಟರು ಹೇಳಿದ ಅಳತೆಯಲ್ಲಿ ದಪ್ಪಗೆ ಇಟ್ಟು (ಉಜ್ಜಬಾರದು) ಮೇಲೆ ಪಾರದರ್ಶಕ ಪಟ್ಟಿ ಅಂಟಿಸ್ತಾರೆ. ಅಲ್ಲಿ ಹೋಗಿ ಒರೆಸಿದ ಮೇಲೂ ಒಂದೆರಡು ಗಂಟೆ ಜೋಮು ಇರುತ್ತೆ. ಮೊದಲ ಸಲ ಹೀಗೆ ಹೋದಾಗ ಸಿಸ್ಟರ್ ಎಂದಿನಂತೆ ಇರುವೆ ಡೈಲಾಗ್ ಹೊಡೆದರು. ಇವನು ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದ. ಪಟ್ಟಿ ಕಟ್ಟಿ ಮುಗಿದ ಮೇಲೆ ಕಣ್ಣು ಬಿಟ್ಟು ಕೇಳಿದ್ದು, "ಅಣ್ಣ, ಇನ್ನೂ ಎಷ್ಟೊತ್ತು ಚುಚ್ಚೋಕೆ?"

ಇದಕ್ಕೆ ಎದುರು ವಾದಗಳಿವೆ, ಸುಮ್ಮನೆ ತಳ್ಳಿಹಾಕುವಂಥವಲ್ಲ. ಕ್ರೀಮು ಹಚ್ಚಿದ ಜಾಗ ಬಿಳಚಿಕೊಂಡು ರಕ್ತನಾಳ ಕಾಣೋದು ಕೆಲವೊಮ್ಮೆ ಕಷ್ಟವಾಗುತ್ತೆ ಅಂತ ಸಿಸ್ಟರ್ ಹೇಳಿದ್ದು ಸರಿ, ನಮಗೂ ಹಾಗೆ ಆಗಿದೆ. ಇನ್ನು ಲಸಿಕೆ ಹಾಕಿಸಿಕೊಳ್ಳುವ ಪ್ರತಿ ಮಗುವಿಗೂ ಹಚ್ಚೋಕೆ ಆಗುತ್ತಾ? ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ, ಇಂಥ ಕ್ರೀಮು ಕೆಲಸ ಮಾಡುತ್ತೆ ಆದರೆ ಖರ್ಚು ಮತ್ತು ಸಮಯದ ಕಾರಣಕ್ಕೆ ದೇಶಗಳ ಲಸಿಕೆ ಕಾರ್ಯಕ್ರಮಕ್ಕೆ ಶಿಫಾರಸು ಮಾಡಲ್ಲ ಅಂದಿದೆ. ಅಮ್ಮ ಮಗುವನ್ನು ಎತ್ತಿಕೊಂಡಿರೋದು, ಎದೆಹಾಲು ಕೊಡ್ತಾ ಚುಚ್ಚಿಸೋದು ಇವೇ ಸಾಕಷ್ಟು ನೋವು ಕಮ್ಮಿ ಮಾಡುತ್ತವೆ ಅಂತಲೂ ಹೇಳಿದೆ. ಒಪ್ಪಿದೆ. ವರ್ಷಕ್ಕೊಂದು ಚುಚ್ಚು ತಿನ್ನೋರ ಬಗ್ಗೆ ನನ್ನ ತಕರಾರಿಲ್ಲ. ನಾನು ಹೇಳ್ತಿರೋದು ಸೂಜಿಯ ಜೊತೆಗೇ ಬದುಕೋರ ಬಗ್ಗೆ. ಥಲಸ್ಸೀಮಿಯಾ ಮಕ್ಕಳು, ಕೀಮೋ ತಗೊಳ್ಳೋರು, ವಾರಕ್ಕೆ ಎರಡು ಮೂರು ಸಲ ದಪ್ಪ ಸೂಜಿ ಹಾಕಿಸಿಕೊಳ್ಳುವ ಡಯಾಲಿಸಿಸ್ ರೋಗಿಗಳು. ಇವರಿಗೆ "ಅಭ್ಯಾಸ ಆಗುತ್ತೆ ಬಿಡಿ" ಅಂತೀವಿ. ಅಭ್ಯಾಸ ಆಗಲ್ಲ. ಹಿಂದಿನ ರಾತ್ರಿ ಊಟ ಬಿಡೋ ಹುಡುಗನನ್ನು ನಾನು ಒಂಬತ್ತು ವರ್ಷ ನೋಡಿದ್ದೀನಿ, ಅವನ ಭಯ ವರ್ಷ ವರ್ಷ ಜಾಸ್ತಿಯಾಗಿದ್ದನ್ನೂ.

ದೊಡ್ಡವರು ಮಕ್ಕಳ ನೋವನ್ನು ಸಣ್ಣದು ಅಂದುಕೊಳ್ಳೋದು ಬರೀ ನಮ್ಮೂರ ಕಥೆಯಲ್ಲ. 1980ರ ದಶಕದವರೆಗೂ ಮುಂದುವರಿದ ದೇಶಗಳಲ್ಲೇ ನವಜಾತ ಶಿಶುಗಳಿಗೆ ಸರಿಯಾದ ಅರಿವಳಿಕೆ ಇಲ್ಲದೆ ಆಪರೇಷನ್ ಮಾಡ್ತಿದ್ದರು, ಅವಕ್ಕೆ ನೋವು ಅಷ್ಟಾಗಿ ಗೊತ್ತಾಗಲ್ಲ ಅನ್ನೋ ನಂಬಿಕೆಯಲ್ಲಿ. ಅದನ್ನು ಅಲುಗಾಡಿಸಿದವರಲ್ಲಿ ಮುಖ್ಯರು ಭಾರತೀಯ ಮೂಲದ ವೈದ್ಯ ಕನ್ವಲ್‌ಜೀತ್ ಆನಂದ್, 1987ರಲ್ಲಿ ಬಂದ ಅವರ ಪ್ರಬಂಧಗಳ ಮೂಲಕ.

ಇಷ್ಟೆಲ್ಲ ಹೊಗಳಿದ ಮೇಲೆ ಹಾಸ್ಟೆಲ್ ಬಂಧುಗಳಿಗೆ ಎಚ್ಚರಿಕೆ ಹೇಳದಿದ್ದರೆ ತಪ್ಪಾಗುತ್ತೆ. ಟ್ಯಾಟೂ ಹಾಕಿಸಿಕೊಳ್ಳೋಕೆ ಆನ್‌ಲೈನಲ್ಲಿ ಹೆಸರು ದೆಸೆ ಇಲ್ಲದ 'ನಂಬ್' ಕ್ರೀಮು ತರಿಸಿ ಇಡೀ ತೋಳಿಗೆ ಬಳಿದುಕೊಳ್ಳೋರನ್ನು ನೋಡಿದ್ದೀನಿ. (ಇನ್ನೊಂದು ಕಾರಣಕ್ಕೆ ಮಾರುವ ಸ್ಪ್ರೇಗಳ ಜಾಹೀರಾತೂ ನಿಮಗೆ ಗೊತ್ತು, ಸಂಪಾದಕರು ಕತ್ತರಿ ತೆಗೆಯೋ ಮೊದಲು ಮುಂದೆ ಹೋಗ್ತೀನಿ.) ಈ ಔಷಧ ಚರ್ಮದಲ್ಲೇ ಉಳಿಯಲ್ಲ, ರಕ್ತಕ್ಕೂ ಸೇರುತ್ತೆ. ನರದ ಸೋಡಿಯಂ ಬಾಗಿಲು ಮುಚ್ಚುವ ವಸ್ತು ಹೃದಯದ, ಮೆದುಳಿನ ಬಾಗಿಲನ್ನೂ ಮುಚ್ಚಬಲ್ಲದು. ಅಮೆರಿಕದ ಎಫ್‌ಡಿಎ 2007ರಲ್ಲಿ ಒಂದು ಎಚ್ಚರಿಕೆ ಕೊಟ್ಟಿತು: ಲೇಸರ್‌ನಲ್ಲಿ ಕೂದಲು ತೆಗೆಸೋಕೆ ಮೊದಲು ಇಬ್ಬರು ಯುವತಿಯರು ಹೆಚ್ಚು ಶಕ್ತಿಯ ಕ್ರೀಮನ್ನು ಕಾಲಿಗೆಲ್ಲ ಹಚ್ಚಿ, ಅವರಿಗೆ ಹೇಳಿದಂತೆಯೇ ಪ್ಲಾಸ್ಟಿಕ್ ಸುತ್ತಿಕೊಂಡಿದ್ದರು. ಫಿಟ್ಸ್ ಬಂದು, ಕೋಮಾಕ್ಕೆ ಹೋಗಿ, ಇಬ್ಬರೂ ತೀರಿಕೊಂಡರು. ಇಬ್ಬರಿಗೂ ಹೆಚ್ಚುಕಮ್ಮಿ ನಮ್ಮ ವಯಸ್ಸು. ಔಷಧದ ಶಕ್ತಿ, ಹಚ್ಚಿದ ಜಾಗದ ವಿಸ್ತೀರ್ಣ, ಸಮಯ, ಮೇಲಿನ ಹೊದಿಕೆ, ಬಿಸಿ — ಇವು ಒಂದಕ್ಕೊಂದು ಗುಣಾಕಾರವಾಗುತ್ತವೆ, ಕೂಡೋದಲ್ಲ. ಶೇವ್ ಮಾಡಿ ಗೀರಿದ ಚರ್ಮವಾದರೆ ಗೋಡೆಯೇ ಇಲ್ಲ.

ಪ್ರೈಲೋಕೇನಿಗೂ ಬಾಯಿಹುಣ್ಣಿನ ಕೆಲವು ಜೆಲ್‌ಗಳಲ್ಲಿರುವ ಬೆಂಜೊಕೇನಿಗೂ ಇನ್ನೊಂದು ಕೆಟ್ಟ ಗುಣವಿದೆ. ಅಪರೂಪಕ್ಕೆ ಹಿಮೋಗ್ಲೋಬಿನ್ನಿನ ಕಬ್ಬಿಣದ ರೂಪವನ್ನೇ ಬದಲಿಸಿ, ಆಮ್ಲಜನಕ ಹೊರಲಾಗದ ಹಾಗೆ ಮಾಡುತ್ತವೆ. ರಕ್ತ ಚಾಕೊಲೇಟ್ ಬಣ್ಣಕ್ಕೆ ತಿರುಗುತ್ತೆ. ಅದಕ್ಕೇ ಹಲ್ಲು ಬರುವ ಎರಡು ವರ್ಷದೊಳಗಿನ ಮಗುವಿನ ಒಸಡಿಗೆ ಬೆಂಜೊಕೇನ್ ಹಚ್ಚಲೇಬಾರದು ಅಂತ 2018ರಲ್ಲಿ ಎಫ್‌ಡಿಎ ಮತ್ತೆ ಹೇಳಿತು. ನನ್ನ ತಮ್ಮನ ಡಾಕ್ಟರು ಮೊದಲು ಜಿ6ಪಿಡಿ ಟೆಸ್ಟ್ ರಿಪೋರ್ಟ್ ಕೇಳಿ, ತೂಕ ನೋಡಿ, ಎಷ್ಟು ಗ್ರಾಂ, ಎಷ್ಟು ಅಗಲ ಅಂತ ಬರೆದುಕೊಟ್ಟಿದ್ದೂ ಇದಕ್ಕೇ. ಹಾಗಾಗಿ ಈ ಲೇಖನ ಓದಿ ನೇರ ಮೆಡಿಕಲ್ ಶಾಪಿಗೆ ಓಡಬೇಡಿ. ನಿಮ್ಮ ಮನೆಯಲ್ಲಿ ಡಯಾಲಿಸಿಸ್‌ಗೆ ಹೋಗುವ ಅಜ್ಜ ಇದ್ದರೆ, ರಕ್ತ ಹಾಕಿಸಿಕೊಳ್ಳುವ ತಂಗಿ ಇದ್ದರೆ, ಅವರ ಡಾಕ್ಟರನ್ನು ಒಂದು ಪ್ರಶ್ನೆ ಕೇಳಿ: "ಮರಗಟ್ಟಿಸುವ ಕ್ರೀಮು ಇವರಿಗೆ ಹಚ್ಚಬಹುದಾ, ಎಷ್ಟು?" ಸರ್ಪಸುತ್ತು ಬಂದು ಹೋಗಿ ತಿಂಗಳುಗಟ್ಟಲೆ ಉರಿ ಉಳಿದವರಿದ್ದರೆ ಲಿಗ್ನೋಕೇನ್ ಪಟ್ಟಿಯ ಬಗ್ಗೆಯೂ ಕೇಳಿ, ಅದೂ ಇದೇ ಔಷಧ, ಅಂಟಿಸುವ ರೂಪದಲ್ಲಿ. ಅವರಾಗಿ ಹೇಳ್ತಾರೆ ಅಂತ ನಾವು ಕಾದು ಕೂತ ಹಾಗೆ ಕೂರಬೇಡಿ.

ನಮ್ಮ ಕಾಲೇಜಿನ ರಕ್ತದಾನ ಶಿಬಿರ ಬಂದಾಗಲೆಲ್ಲ "ಮಗಾ ಸೂಜಿ ಅಂದ್ರೆ ಭಯ" ಅಂತ ಜಾರಿಕೊಳ್ಳೋ ಗೆಳೆಯರಿದ್ದಾರೆ. ಅವರನ್ನು ನಾನು ಗೇಲಿ ಮಾಡಲ್ಲ. ಆದರೆ ಶಿಬಿರ ನಡೆಸೋರಿಗೆ ಒಂದು ಬೇಡಿಕೆ ಇದೆ, ಎನ್ಎಸ್ಎಸ್ ಹುಡುಗರ ಹತ್ತಿರ ಮಾತಾಡಿಯೂ ಇದ್ದೀನಿ: ಈ ಸಲ ಬ್ಲಡ್ ಬ್ಯಾಂಕಿನ ಡಾಕ್ಟರನ್ನು ಈ ಕ್ರೀಮಿನ ಬಗ್ಗೆ ಮೊದಲೇ ಕೇಳಿ. ಅವರು ಒಪ್ಪಿದರೆ, ಭಯ ಅನ್ನೋರಿಗೆ ರಿಜಿಸ್ಟ್ರೇಷನ್ ಟೇಬಲಲ್ಲೇ ಹಚ್ಚಿ ಕೂರಿಸಲಿ. ಹೇಗಿದ್ದರೂ ಕ್ಯೂ ಒಂದು ಗಂಟೆ ಇರುತ್ತೆ.

ತಮ್ಮನ ಮುಂದಿನ ಸರದಿ ಬರುವ ಶನಿವಾರ. ನನಗೆ ಸೋಮವಾರದಿಂದ ಇಂಟರ್ನಲ್ಸ್, ಹೋಗೋಕಾಗಲ್ಲ. ನಿನ್ನೆ ಫೋನ್ ಮಾಡಿದಾಗ ಅವನೇ ಹೇಳಿದ, ಅಮ್ಮ ಪಟ್ಟಿ ಸೊಟ್ಟ ಅಂಟಿಸ್ತಾರಂತೆ, ಈ ಸಲ ಬಲಗೈದು ಅವನೇ ಹಚ್ಕೊಳ್ತಾನಂತೆ, ಎಡಗೈಯದು ಮಾತ್ರ ಅಮ್ಮನಿಗೆ ಬಿಟ್ಟಿದ್ದಾನಂತೆ. ಬಲಗೈಗೆ ಎಡಗೈಯಲ್ಲಿ ಹೇಗೋ ಹಚ್ಚೋದು, ಅದು ಇನ್ನೂ ಸೊಟ್ಟ ಆಗಲ್ವೇನೋ ಅಂದೆ. ಫೋನ್ ಅಮ್ಮನ ಕೈಗೆ ಕೊಟ್ಟು ಊಟಕ್ಕೆ ಹೋದ.